ಜಪಾನ್ ರೈಲ್ ಪಾಸ್: ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ

ಬೆಳಗಾವಿಯಲ್ಲಿ ಯಾರಾದರೂ ಜಪಾನಿಗೆ ಹೊರಟರೆ ಮೊದಲು ಕೇಳುವ ಮಾತು, "ರೈಲ್ ಪಾಸ್ ತೊಗೊಂಡ್ರಿಲ್ರಿ?" ಒಮ್ಮೆ ರೊಕ್ಕ ಕಟ್ಟಿ, ಗೊತ್ತಾದಷ್ಟು ದಿನ ದೇಶವಿಡೀ ಜೆಆರ್ (ಜಪಾನ್ ರೈಲ್ವೇಸ್) ಗಾಡಿಗಳಲ್ಲಿ ಓಡಾಡುವ ಪ್ರವಾಸಿ ಪಾಸು ಇದು. ಈ ಸಲಹೆ 2023ರ ಸೆಪ್ಟೆಂಬರ್‌ವರೆಗೆ ಸರಿಯೇ ಇತ್ತು. ಆಗ 7 ದಿನದ ಸಾಮಾನ್ಯ ದರ್ಜೆಯ ಪಾಸಿಗೆ 29,650 ಯೆನ್. ಟೋಕಿಯೊದಿಂದ ಕ್ಯೋಟೊಕ್ಕೆ ಹೋಗಿಬಂದರೆ ಹೆಚ್ಚುಕಡಿಮೆ ಕೊಟ್ಟ ರೊಕ್ಕ ಗಿಟ್ಟುತ್ತಿತ್ತು. 2023ರ ಅಕ್ಟೋಬರ್ 1ರಂದು ಅದೇ ಪಾಸಿನ ಬೆಲೆ 50,000 ಯೆನ್‌ಗೆ ಏರಿತು. 14 ದಿನದ್ದು 80,000, 21 ದಿನದ್ದು 1 ಲಕ್ಷ. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ. ಹಳೆಯ ಯೂಟ್ಯೂಬ್ ವೀಡಿಯೊಗಳು ಮಾತ್ರ ಹಾಗೆಯೇ ಉಳಿದಿವೆ, ಅವನ್ನು ನೋಡಿ ಕೊಳ್ಳುವವರೂ ಉಳಿದಿದ್ದಾರೆ.

100 ಯೆನ್ನಿಗೆ 55ರಿಂದ 60 ರೂಪಾಯಿ ಹಿಡಿಯಿರಿ. ಒಬ್ಬರ ಒಂದು ವಾರದ ರೈಲಿಗೇ 28-30 ಸಾವಿರ ರೂಪಾಯಿ ಆಯಿತು. ಟೋಕಿಯೊ, ಕ್ಯೋಟೊ, ನಾರಾ, ಒಸಾಕಾ ಎಂಬ ನಾಲ್ಕೂರು ನೋಡಿ ಬರುವವರಿಗೆ ಈ ಪಾಸು ಬೇಡ. ಅಂಕ ಕೊಡಲೇಬೇಕೆಂದರೆ 5ಕ್ಕೆ 2. ರೈಲುಗಳಲ್ಲಿ ಹೆಸರಿಡುವಂಥದ್ದೇನೂ ಇಲ್ಲ, ಕಳೆದ ಮೂರು ಅಂಕವೂ ಬೆಲೆಗೇ ಹೋದದ್ದು.

ಲೆಕ್ಕ ಬಿಡಿಸಿ ನೋಡೋಣ

ಟೋಕಿಯೊ–ಕ್ಯೋಟೊ ಹಳಿ ಲೆಕ್ಕದಲ್ಲಿ 513 ಕಿ.ಮೀ., ಅಂದರೆ ರಸ್ತೆಯಲ್ಲಿ ಬೆಳಗಾವಿಯಿಂದ ಬೆಂಗಳೂರಿಗೆ ಇರುವಷ್ಟೇ ದೂರ. ಬುಲೆಟ್ ರೈಲಿಗೆ ಅಲ್ಲಿ ಶಿನ್‌ಕಾನ್ಸೆನ್ ಎನ್ನುತ್ತಾರೆ. ನೊಝೊಮಿ ಎಂಬ ಅತಿ ವೇಗದ ಶಿನ್‌ಕಾನ್ಸೆನ್‌ನಲ್ಲಿ 2 ಗಂಟೆ 15 ನಿಮಿಷ, ಕಾಯ್ದಿರಿಸಿದ ಸೀಟಿಗೆ 14,170 ಯೆನ್. ಹೋಗಿಬರಲು 28,340. ಕ್ಯೋಟೊದಿಂದ ನಾರಾಕ್ಕೆ ಜೆಆರ್ ರೈಲಿನಲ್ಲಿ 720, ಹೋಗಿಬಂದರೆ 1,440. ಕ್ಯೋಟೊದಿಂದ ಒಸಾಕಾಕ್ಕೆ 580, ಹೋಗಿಬಂದರೆ 1,160. ಎಲ್ಲ ಕೂಡಿಸಿದರೆ 30,940 ಯೆನ್. ಪಾಸು ಕೊಂಡವರು ಇದೇ ಹಾದಿಗೆ 19,060 ಯೆನ್, ನಮ್ಮ ರೊಕ್ಕದಲ್ಲಿ ಸುಮಾರು 11,000 ರೂಪಾಯಿ, ಹೆಚ್ಚಿಗೆ ತೆರುತ್ತಾರೆ. ಗಂಡ-ಹೆಂಡತಿ ಇಬ್ಬರೂ ಹೊರಟರೆ ಅದರ ಎರಡು ಪಟ್ಟು.

ಹಿರೋಶಿಮಾವನ್ನೂ ಸೇರಿಸಿದರೆ? ಟೋಕಿಯೊ–ಕ್ಯೋಟೊ 14,170, ಕ್ಯೋಟೊ–ಹಿರೋಶಿಮಾ ಸುಮಾರು 12,000, ಹಿರೋಶಿಮಾದಿಂದ ನೇರ ಟೋಕಿಯೊಕ್ಕೆ 19,760. ಒಟ್ಟು 46,000ದ ಆಸುಪಾಸು, ಅದೂ ಅತಿ ವೇಗದ ಗಾಡಿಯಲ್ಲಿ. ಇನ್ನೂ 50,000 ಮುಟ್ಟಲಿಲ್ಲ. ನರೀತಾ ವಿಮಾನ ನಿಲ್ದಾಣದಿಂದ ಊರಿಗೆ ಬರುವ ನರೀತಾ ಎಕ್ಸ್‌ಪ್ರೆಸ್ಸಿನ ಸುಮಾರು 3,000 ಯೆನ್ನನ್ನು ಎರಡು ಸಲ ಕೂಡಿಸಿ, ಮೇಲೆ ನಾರಾ ಹಾಕಿದಾಗ ಪಾಸು ಗೆಲ್ಲುತ್ತದೆ, ಒಂದೆರಡು ಊಟದ ರೊಕ್ಕದಷ್ಟು. ಅದಕ್ಕಾಗಿ ಮೂರೂ ಊರುಗಳನ್ನು 7 ದಿನದೊಳಗೆ ಓಡೋಡಿ ಮುಗಿಸಬೇಕು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಖರ್ಚು ನಿಜವಾಗಿ ಇಳಿಯುವುದು ವಿಮಾನದ ಟಿಕೆಟಿನಲ್ಲಿ. ಟೋಕಿಯೊದಲ್ಲಿ ಇಳಿದು, ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದ ವಾಪಸ್ ಹೊರಡುವಂತೆ ಟಿಕೆಟ್ ಮಾಡಿಸಿದರೆ ಟೋಕಿಯೊಕ್ಕೆ ಹಿಂದಿರುಗುವ 14,000 ಯೆನ್ ಪೂರ್ತಿ ಉಳಿಯಿತು. ಕ್ಯೋಟೊ ತಲುಪಿದ ಮೇಲೆ 5 ದಿನದ ಕನ್ಸಾಯ್–ಹಿರೋಶಿಮಾ ಏರಿಯಾ ಪಾಸ್ ಕೊಳ್ಳಿ. 2025ರ ಬೆಲೆ 17,000 ಯೆನ್. ಇದರಲ್ಲಿ ಕ್ಯೋಟೊ, ನಾರಾ, ಒಸಾಕಾ, ಹಿಮೇಜಿಯ ಜೆಆರ್ ರೈಲುಗಳು, ಶಿನ್-ಒಸಾಕಾದಿಂದ ಹಿರೋಶಿಮಾವರೆಗಿನ ಶಿನ್‌ಕಾನ್ಸೆನ್, ಮಿಯಾಜಿಮಾ ದ್ವೀಪದ ಜೆಆರ್ ಫೆರಿ, ಕೊನೆಗೆ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವ ಹರುಕಾ ರೈಲು, ಎಲ್ಲ ಬಂತು. ಶಿನ್-ಒಸಾಕಾದಿಂದ ಹಿರೋಶಿಮಾಕ್ಕೆ ಒಮ್ಮೆ ಹೋಗಿಬಂದರೇ 20,000 ಯೆನ್ ದಾಟುವುದರಿಂದ ಇದು ಮೊದಲ ದಿನವೇ ವಸೂಲಿ. ದೇಶವಿಡೀ ನಡೆಯುವ ಪಾಸಿನಲ್ಲಿ ನೊಝೊಮಿಗೆ ಮೇಲೆ ರೊಕ್ಕ ಕೊಡಬೇಕು, ಈ ಪಾಸಿನಲ್ಲಿ ಬೇಡ. ಒಂದು ಕಡೆ ಮಾತ್ರ ಜನ ಸಿಕ್ಕಿಬೀಳುತ್ತಾರೆ. ಕ್ಯೋಟೊದಿಂದ ಶಿನ್-ಒಸಾಕಾವರೆಗಿನ ಶಿನ್‌ಕಾನ್ಸೆನ್ ಇನ್ನೊಂದು ಜೆಆರ್ ಕಂಪನಿಯದು, ಅಲ್ಲಿ ಈ ಪಾಸು ನಡೆಯದು. ಕ್ಯೋಟೊದಿಂದ ಒಸಾಕಾ ಕಡೆಗೆ ಶಿಂಕೈಸೊಕು ಎಂಬ ವೇಗದ ಸಾಮಾನ್ಯ ರೈಲಿನಲ್ಲಿ ಅರ್ಧ ಗಂಟೆ ಬಂದು, ಶಿನ್-ಒಸಾಕಾದಲ್ಲಿ ಇಳಿದು ಶಿನ್‌ಕಾನ್ಸೆನ್ ಹತ್ತಬೇಕು. ಮಿಯಾಜಿಮಾಕ್ಕೆ 100 ಯೆನ್ ಪ್ರವಾಸಿ ತೆರಿಗೆ ಬೇರೆ ಕೊಡಬೇಕು.

ಹೀಗೆ 14,170 ಮತ್ತು 17,000 ಸೇರಿ 31,170 ಯೆನ್ನಿಗೆ ನಾಲ್ಕೂರಿನ ಜತೆ ಹಿಮೇಜಿ, ಹಿರೋಶಿಮಾ, ಮಿಯಾಜಿಮಾ ಕೂಡ ಆಯಿತು.

ಹಾಗಾದರೆ ದೇಶವಿಡೀ ಪಾಸು ಯಾರಿಗೆ? ಒಂದೇ ವಾರದಲ್ಲಿ ಟೋಕಿಯೊದಿಂದ ದಕ್ಷಿಣದ ಹಕಾತದವರೆಗೆ ಹೋಗಿ, ನಡುವೆ ಎರಡು ಮೂರು ಕಡೆ ಇಳಿದು ಬರುವವರಿಗೆ. ಪ್ರತಿ ಸಲ ಟಿಕೆಟ್ ಮಷಿನ್ ಮುಂದೆ ನಿಲ್ಲಲು ಆಗದ ಹಿರಿಯರಿಗೂ ಅನುಕೂಲ, ಆದರೆ ಅದು ರೊಕ್ಕ ಕೊಟ್ಟು ಕೊಂಡ ಅನುಕೂಲ ಎಂಬುದು ನೆನಪಿರಲಿ.

ಆದರೂ ಕೊಳ್ಳುವುದಾದರೆ

ಈ ಪಾಸಿನ ದಿನ ಎಂದರೆ ರಾತ್ರಿ 12ರಿಂದ ಮರುರಾತ್ರಿ 12ರವರೆಗೆ. ರಾತ್ರಿ 8ಕ್ಕೆ ಇಳಿದು ಅಲ್ಲೇ ಚಾಲೂ ಮಾಡಿಸಿದರೆ 4 ಗಂಟೆಗೆ ಒಂದು ಪೂರ್ತಿ ದಿನ ಹೋಯಿತು. ಮರುದಿನದ ತಾರೀಖು ಹಾಕಿಸಿಕೊಳ್ಳಿ. 7 ದಿನ ಬಿಡುವಿಲ್ಲದೆ ಸಾಲಾಗಿ ಓಡುತ್ತವೆ, ನಡುವೆ ಟೋಕಿಯೊದಲ್ಲಿ 3 ದಿನ ಸುಮ್ಮನೆ ಕುಳಿತರೂ ಗಡಿಯಾರ ನಿಲ್ಲದು. ಆದ್ದರಿಂದ ಟೋಕಿಯೊ ನೋಡುವ ದಿನಗಳನ್ನು ಪಾಸಿನ ಹೊರಗೆ ಇಟ್ಟುಕೊಳ್ಳಬೇಕು.

ನೊಝೊಮಿ, ಮಿಝುಹೊ ಗಾಡಿಗಳಿಗೆ ಪಾಸಿನ ಮೇಲೆ ಹೆಚ್ಚುವರಿ ಶುಲ್ಕವಿದೆ. ಟೋಕಿಯೊ–ಕ್ಯೋಟೊಕ್ಕೆ ಅದು 4,960 ಯೆನ್. ಬೇಡವೆಂದರೆ ಹಿಕಾರಿ, 2 ಗಂಟೆ 40 ನಿಮಿಷ, ಗಂಟೆಗೆ ಎರಡೇ ಗಾಡಿ. ಹಿರೋಶಿಮಾಕ್ಕೆ ಹಿಕಾರಿಯಲ್ಲಿ ಹೋಗುವವರು ಶಿನ್-ಒಸಾಕಾ ಅಥವಾ ಶಿನ್-ಕೋಬೆಯಲ್ಲಿ ಇಳಿದು ಸಕುರಾ ಎಂಬ ಗಾಡಿ ಹತ್ತಬೇಕು.

ಬೆಳಗಾವಿ, ವಿಜಯಪುರದ ಎಷ್ಟೋ ಮನೆಗಳಿಗೆ ತಟ್ಟುವ ಇನ್ನೊಂದು ಮಾತಿದೆ. ಮಗ ಅಲ್ಲೇ ಕಂಪನಿಯಲ್ಲಿದ್ದಾನೆ, ತಂದೆ-ತಾಯಿ ನೋಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಪಾಸು ಸಿಗುವುದು ಪಾಸ್‌ಪೋರ್ಟಿನಲ್ಲಿ ತಾತ್ಕಾಲಿಕ ಭೇಟಿಗಾರ ಎಂಬ ಮುದ್ರೆ ಇದ್ದವರಿಗಷ್ಟೆ. ಕೆಲಸದ ಅಥವಾ ಓದಿನ ವೀಸಾದಲ್ಲಿರುವ ಮಗನಿಗೆ ಸಿಗದು. ಮೂವರಿಗೂ ಪಾಸ್ ಎಂದು ಯೋಜನೆ ಹಾಕಿದ್ದರೆ ಅಲ್ಲಿಗೆ ಕೆಟ್ಟಿತು. ಭಾರತದಲ್ಲಿ ಏಜೆಂಟರ ಮೂಲಕ ಕೊಂಡರೆ ಕೈಗೆ ಬರುವುದು ಬದಲಾವಣೆ ಚೀಟಿ, 3 ತಿಂಗಳೊಳಗೆ ಅಲ್ಲಿನ ಜೆಆರ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಪಾಸಾಗಿ ಬದಲಿಸಿಕೊಳ್ಳಬೇಕು. ಕಳೆದರೆ ಮತ್ತೊಂದು ಕೊಡುವುದಿಲ್ಲ. ಸಬ್‌ವೇ, ಕ್ಯೋಟೊ ನಗರ ಬಸ್ಸು, ಹಾಂಕ್ಯು, ಕೇಹಾನ್, ಕಿಂತೆತ್ಸು ಮುಂತಾದ ಖಾಸಗಿ ರೈಲು ಯಾವುದರಲ್ಲೂ ಇದು ನಡೆಯದು. ಕ್ಯೋಟೊ ತಿರುಗಾಡುವುದೇ ಇವುಗಳಲ್ಲಿ!

ಪಾಸಿರಲಿ ಬಿಡಲಿ, ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿ 160 ಸೆಂ.ಮೀ. ದಾಟಿದರೆ ಟೋಕಿಯೊ–ಒಸಾಕಾ–ಹಿರೋಶಿಮಾ ಶಿನ್‌ಕಾನ್ಸೆನ್‌ನಲ್ಲಿ ದೊಡ್ಡ ಲಗೇಜಿನ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಶುಲ್ಕವಿಲ್ಲ. ಕಾಯ್ದಿರಿಸದೆ ಹತ್ತಿದರೆ 1,000 ಯೆನ್ ದಂಡ. ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ. ಟೋಕಿಯೊದಿಂದ ಕ್ಯೋಟೊಕ್ಕೆ ಹೋಗುವಾಗ ಇ ಸೀಟು ಕೇಳಿ, ಮೋಡವಿಲ್ಲದ ದಿನ ಫುಜಿ ಪರ್ವತ ಆ ಬದಿಗೆ ಕಾಣುತ್ತದೆ.

ಇನ್ನೂ ಕಡಿಮೆಯಲ್ಲಿ

ಕೊಡಾಮಾ ಎಂಬ ಎಲ್ಲ ನಿಲ್ದಾಣಕ್ಕೂ ನಿಲ್ಲುವ ಶಿನ್‌ಕಾನ್ಸೆನ್‌ಗೆ ಪುರಾತ್ತೊ ಎಂಬ ಅಗ್ಗದ ಟಿಕೆಟ್ ಇದೆ. ಮುಂಗಡ ಕೊಳ್ಳಬೇಕು, ಜತೆಗೊಂದು ಪಾನೀಯದ ಕೂಪನ್ನೂ ಬರುತ್ತದೆ. ನೊಝೊಮಿಗಿಂತ ಎರಡು ಮೂರು ಸಾವಿರ ಯೆನ್ ಕಡಿಮೆ, ಸಮಯ ಸುಮಾರು ನಾಲ್ಕು ಗಂಟೆ. ಒಂದು ಮಧ್ಯಾಹ್ನ ಕಳೆದುಹೋದರೂ ಚಿಂತೆಯಿಲ್ಲ ಎನ್ನುವವರಿಗೆ ಒಳ್ಳೆಯ ವ್ಯವಹಾರ.

ರಾತ್ರಿ ಬಸ್ಸು ಬೇರೆಯೇ ಕಥೆ. ಟೋಕಿಯೊ–ಕ್ಯೋಟೊ 8 ಗಂಟೆ, ವಾರದ ನಡುವೆ 4,000ದಿಂದ 8,000 ಯೆನ್, ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿತಾಯ. ಆದರೆ ಬೆಂಗಳೂರಿಗೆ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಕಾಲು ಚಾಚಿ ಹೋಗಿ ರೂಢಿಯಾದವರು ಅದನ್ನೇ ಅಲ್ಲಿ ನೆನೆದರೆ ಕೆಡುತ್ತಾರೆ. ಅಲ್ಲಿ ಬರ್ತ್ ಇಲ್ಲ, ಹಿಂದಕ್ಕೆ ವಾಲುವ ಸೀಟಷ್ಟೆ. ಸಾಲಿಗೆ 4 ಸೀಟಿನ ಬಸ್ಸು ಅಗ್ಗ, ನಿದ್ದೆ ಬಾರದು. ಸಾಲಿಗೆ 3 ಬಿಡಿಬಿಡಿ ಸೀಟಿನದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ಮರುದಿನ ನಡೆಯಲು ಕಾಲಿರುತ್ತವೆ. ಬೆಳಿಗ್ಗೆ 6ಕ್ಕೆ ಕ್ಯೋಟೊ ನಿಲ್ದಾಣದಲ್ಲಿ ಇಳಿಸುತ್ತಾರೆ, ಹೋಟೆಲ್ ಕೋಣೆ ಕೊಡುವುದು ಮಧ್ಯಾಹ್ನ 3ಕ್ಕೆ. ನಡುವಿನ ಹೊತ್ತಿಗೆ ಪೆಟ್ಟಿಗೆಯನ್ನು ಹೋಟೆಲಿನಲ್ಲೇ ಬಿಡಬಹುದು, ಕೇಳಿದರೆ ಬಹುತೇಕರು ಇಟ್ಟುಕೊಳ್ಳುತ್ತಾರೆ. ನಿಲ್ದಾಣದ ಕಾಯಿನ್ ಲಾಕರ್‌ನಲ್ಲಿ ಚಿಕ್ಕದಕ್ಕೆ 400-500, ದೊಡ್ಡದಕ್ಕೆ 800-1,000 ಯೆನ್, ಬೆಳಿಗ್ಗೆ 9ರ ಹೊತ್ತಿಗೆ ದೊಡ್ಡವು ತುಂಬಿರುತ್ತವೆ.

ಎಲ್ಲರಿಗೂ ಬೇಕಾದ ಕಾರ್ಡು

ರೈಲ್ ಪಾಸ್ ಬಿಟ್ಟರೂ, ಮೊದಲೇ ರೊಕ್ಕ ತುಂಬಿ ಗೇಟಿಗೆ ಮುಟ್ಟಿಸುವ ಐಸಿ ಕಾರ್ಡು ಬಿಡುವಂತಿಲ್ಲ. ಇದಕ್ಕೆ 5ಕ್ಕೆ 5. ಟೋಕಿಯೊದಲ್ಲಿ ಸುಯಿಕಾ, ಪಾಸ್ಮೊ, ಒಸಾಕಾ–ಕ್ಯೋಟೊ ಕಡೆ ಇಕೊಕಾ ಎಂದು ಹೆಸರು ಬೇರೆ, ಕೆಲಸ ಒಂದೇ. ಇಕೊಕಾ 2,000 ಯೆನ್ನಿಗೆ ಸಿಗುತ್ತದೆ, ಅದರಲ್ಲಿ 500 ಠೇವಣಿ, 1,500 ಬಳಸಲು. ದೊಡ್ಡ ಊರುಗಳ ಸಬ್‌ವೇ, ಬಸ್ಸು, ಖಾಸಗಿ ರೈಲು, ಲಾಕರು, ಅಂಗಡಿ ಎಲ್ಲ ಕಡೆ ಮುಟ್ಟಿಸಿದರೆ ಆಯಿತು. ದರ ಕಡಿಮೆಯೇನೂ ಆಗದು, ತಲೆನೋವು ಕಡಿಮೆಯಾಗುತ್ತದೆ. ಟೋಕಿಯೊದ ವೆಲ್ಕಮ್ ಸುಯಿಕಾಕ್ಕೆ ಠೇವಣಿ ಇಲ್ಲ, 28 ದಿನಕ್ಕೆ ಮುಗಿಯುತ್ತದೆ, ಉಳಿದ ರೊಕ್ಕ ವಾಪಸ್ಸಿಲ್ಲ.

ಒಬ್ಬರಿಗೆ ಒಂದು ಕಾರ್ಡು. ಒಂದೇ ಕಾರ್ಡನ್ನು ಗೇಟಿನಾಚೆಯಿಂದ ಹೆಂಡತಿಗೆ ಕೊಟ್ಟರೆ ಎರಡನೆಯ ಸಲ ಗೇಟು ತೆರೆಯದು, ಒಳಗೆ ಹೋದ ಗುರುತು ಆಗಲೇ ಅದರಲ್ಲಿ ಬಿದ್ದಿರುತ್ತದೆ. ಟೋಕಿಯೊ ಪ್ರದೇಶದಲ್ಲಿ ಮುಟ್ಟಿಸಿ ಒಳಹೊಕ್ಕು ಸಾಮಾನ್ಯ ರೈಲಿನಲ್ಲೇ ಒಸಾಕಾ ಪ್ರದೇಶಕ್ಕೆ ಹೋಗಿ ಹೊರಬರಲೂ ಆಗದು, ದೂರದ ಹಾದಿಗೆ ಕಾಗದದ ಟಿಕೆಟ್ಟೇ ಬೇಕು. ಹೊರಬರುವಾಗ ಕಾರ್ಡಿನಲ್ಲಿ ರೊಕ್ಕ ಸಾಲದಿದ್ದರೆ ಗೇಟು ಮುಚ್ಚಿಕೊಳ್ಳುತ್ತದೆ. ಗಾಬರಿ ಬೇಡ, ಪಕ್ಕದಲ್ಲೇ ದರ ಸರಿಹೊಂದಿಸುವ ಮಷಿನ್ ಇರುತ್ತದೆ, ಅದರಲ್ಲಿ ನೋಟು ಹಾಕಿ. ಅಲ್ಲಿ ನಗದೇ ದೇವರು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನಲ್ಲಿ ಈ ಕಾರ್ಡು ಸಾಮಾನ್ಯವಾಗಿ ಕೂರುವುದಿಲ್ಲ, ಅದಕ್ಕೆ ಬೇಕಾದ ಫೆಲಿಕಾ ವ್ಯವಸ್ಥೆ ಫೋನಿನಲ್ಲಿ ಇರುವುದಿಲ್ಲ. ಪ್ಲಾಸ್ಟಿಕ್ ಕಾರ್ಡೇ ನೆಮ್ಮದಿ.

ನಗದು ಸೆವೆನ್-ಇಲೆವೆನ್ ಅಂಗಡಿಯ ಎಟಿಎಂನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಹಾಕಿದರೆ ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆ ಚಾಲೂ ಮಾಡಿಕೊಳ್ಳದಿದ್ದರೆ ಅಲ್ಲಿ ಕಾರ್ಡು ತಿರಸ್ಕಾರವಾಗುತ್ತದೆ, ಒಟಿಪಿ ಬರಲು ನಮ್ಮ ಸಿಮ್ಮಿನ ರೋಮಿಂಗ್ ಕೂಡ ಇರಬೇಕು.

ಕ್ಯೋಟೊ: ಬಸ್ಸೇ ದೊಡ್ಡ ಪರೀಕ್ಷೆ

794ರಿಂದ 1868ರವರೆಗೆ ರಾಜಧಾನಿಯಾಗಿದ್ದ ಊರು. ಗುಡಿಗಳು ಊರ ಸುತ್ತಲೂ ಅಂಚಿನಲ್ಲಿವೆ, ಸಬ್‌ವೇ ಇರುವುದು ಎರಡೇ ಗೆರೆ. ಎಲ್ಲರೂ ಬಸ್ಸಿಗೇ ಮುಗಿಬೀಳುತ್ತಾರೆ. ನಗರದೊಳಗೆ ಬಸ್ಸಿಗೆ ಒಂದೇ ದರ, 230 ಯೆನ್. ಹಿಂದಿನ ಬಾಗಿಲಿನಿಂದ ಹತ್ತಿ, ಇಳಿಯುವಾಗ ಮುಂದಿನ ಬಾಗಿಲಲ್ಲಿ ಚಾಲಕನ ಪಕ್ಕದ ಪೆಟ್ಟಿಗೆಗೆ ರೊಕ್ಕ. ಪೆಟ್ಟಿಗೆ ಚಿಲ್ಲರೆ ವಾಪಸ್ ಕೊಡದು. 1,000 ಯೆನ್ ನೋಟನ್ನು ಪಕ್ಕದ ಸೀಳಿನಲ್ಲಿ ಮೊದಲು ಚಿಲ್ಲರೆ ಮಾಡಿಸಿ, ಎಣಿಸಿ ಹಾಕಬೇಕು. ಅದನ್ನು ಬಸ್ಸು ನಿಂತಾಗಲೇ ಮಾಡಿ ಮುಗಿಸಿ, ಇಳಿಯುವ ಹೊತ್ತಿಗೆ ಹಿಂದೆ ನಲವತ್ತು ಜನ ಕಾಯುವಂತೆ ಮಾಡಬೇಡಿ.

700 ಯೆನ್ನಿನ ಬಸ್ ದಿನದ ಪಾಸು ಈಗಿಲ್ಲ, 2024ರ ಮಾರ್ಚ್‌ಗೆ ಅದರ ಬಳಕೆ ಮುಗಿಯಿತು. ಹಳೆಯ ಬರಹಗಳಲ್ಲಿ ಇನ್ನೂ ಕಾಣುತ್ತದೆ. ಈಗಿರುವುದು ಸಬ್‌ವೇ ಮತ್ತು ಬಸ್ಸು ಎರಡಕ್ಕೂ ನಡೆಯುವ 1,100 ಯೆನ್ನಿನ ದಿನದ ಪಾಸು. ದಿನಕ್ಕೆ 5 ಸಲ ಹತ್ತಿದರೆ ಮಾತ್ರ ಲಾಭ. ಊರನ್ನು ದಿಕ್ಕಿನ ಪ್ರಕಾರ ಹಂಚಿಕೊಂಡು ನಡೆದು ನೋಡುವವರು 3 ಸಲವೂ ಹತ್ತುವುದಿಲ್ಲ, ಅವರಿಗೆ ಬೇಡ. ಪಾಸು ಕೊಂಡಿದ್ದರೆ 500 ಯೆನ್ನಿನ ಪ್ರವಾಸಿ ಎಕ್ಸ್‌ಪ್ರೆಸ್ ಬಸ್ಸೂ ಅದರಲ್ಲೇ ಸೇರಿದೆ, ಆಗ ಲೆಕ್ಕ ಬೇಗ ಕೂಡಿಬರುತ್ತದೆ. ದೊಡ್ಡ ಪೆಟ್ಟಿಗೆ ಹಿಡಿದು ನಗರ ಬಸ್ಸು ಹತ್ತುವ ಸಾಹಸ ಬೇಡ.

ಪೂರ್ವ ದಿಕ್ಕಿಗೆ ಒಂದು ದಿನ ಇಡಿ. ಕಿಯೊಮಿಜು-ದೆರಾ ಬೆಳಿಗ್ಗೆ 6ಕ್ಕೇ ತೆರೆಯುತ್ತದೆ, 500 ಯೆನ್. ಬೆಟ್ಟದಂಚಿಗೆ 13 ಮೀಟರ್ ಎತ್ತರದ ಕಂಬಗಳ ಮೇಲೆ ನಿಂತ ಈಗಿನ ಮುಖ್ಯ ಮಂದಿರ 1633ರದು. ಆಗ ವಿಜಯಪುರದಲ್ಲಿ ಆದಿಲ್ ಶಾಹಿಗಳ ಗೋಳಗುಮ್ಮಟ ಏಳುತ್ತಿದ್ದ ಕಾಲ. ಅಲ್ಲಿ ಮರ, ಇಲ್ಲಿ ಕಲ್ಲು. 6ರಿಂದ 8ರವರೆಗೆ ಅಂಗಳ ಖಾಲಿ, 10ರ ನಂತರ ಜಾತ್ರೆ. ಅಲ್ಲಿಂದ ಇಳಿಜಾರಿನ ಹಳೆಯ ಓಣಿಗಳಲ್ಲಿ ನಡೆದು ಗಿಯೋನ್‌ವರೆಗೆ ಬರಬಹುದು. ಗಿಯೋನ್‌ನ ಖಾಸಗಿ ಗಲ್ಲಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡ ಎಂಬ ಫಲಕಗಳಿವೆ, ಹೆದರಿಸಲು ಹಾಕಿದ್ದು ಎಂದುಕೊಳ್ಳಬೇಡಿ. ದಕ್ಷಿಣಕ್ಕೆ ಸಾಂಜುಸಾಂಗೆನ್-ದೊ, 600 ಯೆನ್. 120 ಮೀಟರ್ ಉದ್ದದ ಒಂದೇ ಮರದ ಮಂದಿರದಲ್ಲಿ ಆಳೆತ್ತರದ 1,001 ಕನ್ನೋನ್ ಮೂರ್ತಿಗಳು. ಕನ್ನೋನ್ ಎಂದರೆ ನಮ್ಮ ಅವಲೋಕಿತೇಶ್ವರ. ಮುಂದಿನ ಸಾಲಿನಲ್ಲಿ ಕಾವಲಿಗೆ ನಿಂತ ದೇವತೆಗಳಲ್ಲಿ ಇಂದ್ರ, ಗರುಡರನ್ನು ಗುರುತಿಸಬಹುದು. ಕ್ಯೋಟೊದಲ್ಲಿ ರೊಕ್ಕ ಕೊಟ್ಟು ನೋಡಲೇಬೇಕಾದ್ದು ಒಂದೇ ಎಂದರೆ ನಮ್ಮ ಆಯ್ಕೆ ಇದು. ಚಿನ್ನದ ಮಂದಿರ ಕಿಂಕಾಕು-ಜಿಯನ್ನು, 500 ಯೆನ್, ಕೆರೆಯಾಚೆಯಿಂದ 20 ನಿಮಿಷ ನೋಡಿ ಹೊರಬರುವುದಷ್ಟೆ, ಒಳಗೆ ಬಿಡುವುದಿಲ್ಲ. ಹೋಗುವುದಾದರೆ ಕ್ಯೋಟೊ ನಿಲ್ದಾಣದಿಂದ ನೇರ ಬಸ್ಸು ಬೇಡ, ದಟ್ಟಣೆಯಲ್ಲಿ ಮುಕ್ಕಾಲು ಗಂಟೆ ನಿಂತೇ ಹೋಗಬೇಕು. ಸಬ್‌ವೇಯಲ್ಲಿ ಕಾಲು ಗಂಟೆ ಕಿತಾಒಜಿಗೆ, ಅಲ್ಲಿಂದ 204 ಅಥವಾ 205 ನಂಬರ್ ಬಸ್ಸು.

ತೋರಿ ಎಂಬ ಸಾವಿರಾರು ಕೆಂಪು ಕಮಾನುಗಳ ಫುಶಿಮಿ ಇನಾರಿ ಗುಡಿ ಪುಕ್ಕಟೆ, ಬಾಗಿಲೂ ಇಲ್ಲ ಬೀಗವೂ ಇಲ್ಲ, ರಾತ್ರಿಯೂ ಹೋಗಬಹುದು. ಕ್ಯೋಟೊ ನಿಲ್ದಾಣದಿಂದ ಜೆಆರ್ ನಾರಾ ಗೆರೆಯಲ್ಲಿ ಎರಡನೆಯ ನಿಲ್ದಾಣ, 5 ನಿಮಿಷ, 150 ಯೆನ್. ವೇಗದ ಗಾಡಿ ಹತ್ತಿದರೆ ಇನಾರಿಯಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ, ಲೋಕಲ್ಲೇ ಹತ್ತಬೇಕು. ಕೆಳಗಿನ 300 ಮೀಟರಿನಲ್ಲಿ ಕಾಲಿಡಲು ಜಾಗವಿಲ್ಲ, ಅರ್ಧ ಗಂಟೆ ಮೆಟ್ಟಿಲೇರಿದರೆ ಸದ್ದೇ ಇಲ್ಲ. ಪೂರ್ತಿ ಸುತ್ತಿಗೆ 2ರಿಂದ 3 ಗಂಟೆ. ಕ್ಯೋಟೊದ ಅರಮನೆಯೂ ಪುಕ್ಕಟೆ, ಸೋಮವಾರ ರಜೆ.

ವಸತಿ ಕ್ಯೋಟೊದಲ್ಲೇ ಆಗಬೇಕೆಂದಿಲ್ಲ. ಜೆಆರ್‌ನಲ್ಲಿ 10 ನಿಮಿಷ, 200 ಯೆನ್ ದೂರದ ಒತ್ಸುವಿನಲ್ಲಿ ಉಳಿದರೆ ಕೋಣೆ ಅಗ್ಗ, ಪಕ್ಕದಲ್ಲೇ ಬಿವಾ ಸರೋವರ. ಕ್ಯೋಟೊದ ವಸತಿ ತೆರಿಗೆ 2026ರ ಮಾರ್ಚ್ 1ರಿಂದ ಏರಿದೆ. ತಲಾ ಒಂದು ರಾತ್ರಿಗೆ 6,000 ಯೆನ್ನಿಗಿಂತ ಕಡಿಮೆಯ ಹಾಸಿಗೆಗೆ 200, ಅಲ್ಲಿಂದ 20,000ದೊಳಗೆ 400, ಒಂದು ಲಕ್ಷ ದಾಟಿದ ಕೋಣೆಗೆ 10,000. ಕಡಿಮೆ ಬಜೆಟ್ಟಿನವರಿಗೆ ಪೆಟ್ಟು ಸಣ್ಣದು. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದ ಸಕುರಾ ಹೂವಿನ ಕಾಲ, ನವೆಂಬರ್ ಕೊನೆಯ ಕೆಂಪೆಲೆಯ ಕಾಲ, ಮತ್ತು ಎಲ್ಲ ಶನಿವಾರಗಳಂದು ಬಾಡಿಗೆ ದುಪ್ಪಟ್ಟಾಗುವುದೇ ದೊಡ್ಡ ಪೆಟ್ಟು.

ನಾರಾ, ಹಿಮೇಜಿ, ಒಸಾಕಾ

ನಾರಾಕ್ಕೆ ಕಿಂತೆತ್ಸು ರೈಲು 760 ಯೆನ್, ಜೆಆರ್‌ಗಿಂತ 40 ಹೆಚ್ಚು. ಆದರೆ ಅದು ಇಳಿಸುವುದು ಜಿಂಕೆಗಳ ಉದ್ಯಾನದ ಬಾಗಿಲಲ್ಲೇ, ಜೆಆರ್ ನಿಲ್ದಾಣದಿಂದ 20 ನಿಮಿಷ ನಡಿಗೆ. ಪಾಸಿಲ್ಲದವರಿಗೆ ಕಿಂತೆತ್ಸುವೇ ಸರಿ. ತೊದೈ-ಜಿ ಮಂದಿರಕ್ಕೆ 800 ಯೆನ್. ಒಳಗೆ 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅದಕ್ಕಿಂತ ಹತ್ತು ಹನ್ನೆರಡು ವರ್ಷ ಮುಂಚೆ ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದ್ದಳು. ಮಲಪ್ರಭೆಯ ದಂಡೆಯಲ್ಲಿ ಆ ಕಲ್ಲು ಹಾಗೆಯೇ ನಿಂತಿದೆ. ನಾರಾದ ಮರದ ಮಂದಿರ ಎರಡು ಸಲ ಸುಟ್ಟು, ಈಗ ಇರುವುದು 1709ರದು, ಮೊದಲಿನದಕ್ಕಿಂತ ಚಿಕ್ಕದು. ಜಿಂಕೆ ಬಿಸ್ಕತ್ತು 200 ಯೆನ್, ಕೊಳ್ಳುತ್ತಲೇ ಮುತ್ತಿಕೊಳ್ಳುತ್ತವೆ. ಕೈಯಲ್ಲಿ ನಕ್ಷೆ, ರೈಲಿನ ಟಿಕೆಟ್ ಹಿಡಿದಿದ್ದರೆ ಅದನ್ನೂ ತಿನ್ನುತ್ತವೆ. ಪಾಸನ್ನು ಒಳಜೇಬಿನಲ್ಲಿಡಿ.

ಹಿಮೇಜಿ ಕೋಟೆ 1609ರದು, ಯುದ್ಧಕ್ಕೂ ಬೆಂಕಿಗೂ ಬೀಳದೆ ಉಳಿದ ಅಸಲಿ ಮರದ ಕಟ್ಟಡ. ಒಸಾಕಾದಿಂದ ಒಂದು ಗಂಟೆ, 1,520 ಯೆನ್. 2026ರ ಮಾರ್ಚ್‌ನಿಂದ ಊರವರಿಗೆ 1,000, ಹೊರಗಿನವರಿಗೆ 2,500 ಯೆನ್ ಪ್ರವೇಶ, 18ರೊಳಗಿನವರಿಗೆ ಪುಕ್ಕಟೆ. ಇದಕ್ಕೆ ಕೆಲವರು ಗೊಣಗುತ್ತಾರೆ. ಪಟ್ಟದಕಲ್ಲಿನಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600 ಇರುವಾಗ ನಾವು ಗೊಣಗುವಂತಿಲ್ಲ. ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಿಡಿದುಕೊಂಡೇ ಕಡಿದಾದ ಮರದ ಮೆಟ್ಟಿಲು ಏರಬೇಕು, ಮೊಣಕಾಲು ನೋವಿದ್ದವರು ಅಂಗಳದಿಂದಲೇ ನೋಡಿ ತೃಪ್ತಿಪಡಲಿ. ಒಸಾಕಾ ಕೋಟೆ ಇದಕ್ಕೆ ಉಲ್ಟಾ. 1931ರಲ್ಲಿ ಕಟ್ಟಿದ ಕಾಂಕ್ರೀಟು, ಒಳಗೆ ಲಿಫ್ಟು, 1,200 ಯೆನ್. ಹೊರಗಿನ ಉದ್ಯಾನ ಪುಕ್ಕಟೆ, ಕಂದಕದ ದೊಡ್ಡ ಕಲ್ಲುಗಳೇ ನೋಡತಕ್ಕವು. ಒಳಗೆ ಹೋಗುವ ರೊಕ್ಕವನ್ನು ಹಿಮೇಜಿಗೆ ಉಳಿಸಿ.

ಟೋಕಿಯೊ

ದುಬಾರಿ ಎಂದು ಹೆಸರಾದ ಊರಿನಲ್ಲೇ ಪುಕ್ಕಟೆ ನೋಡುವುದು ಹೆಚ್ಚು. ಶಿಂಜುಕುವಿನ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿ, 202 ಮೀಟರ್ ಎತ್ತರ, ಒಂದು ಯೆನ್ನೂ ಬೇಡ. ಅಸಕುಸಾದ ಸೆನ್ಸೊ-ಜಿ, ಅದರೆದುರಿನ ಪ್ರವಾಸಿ ಮಾಹಿತಿ ಕೇಂದ್ರದ 8ನೇ ಮಹಡಿಯ ಕಟ್ಟೆ, ಮೇಜಿ ಮಂದಿರದ ಕಾಡು, ಶಿಬುಯಾದ ರಸ್ತೆ ದಾಟುವ ಜನಸಾಗರ, ಎಲ್ಲವೂ ಪುಕ್ಕಟೆ. ಅರಮನೆಯ ಪೂರ್ವ ಉದ್ಯಾನಕ್ಕೆ ಸೋಮವಾರ, ಶುಕ್ರವಾರ ರಜೆ, ಆ ದಿನ ಹೋಗಿ ಗೇಟು ನೋಡಿ ಬರುವವರು ಬಹಳ.

ಟೋಕಿಯೊ ಸಬ್‌ವೇ ಟಿಕೆಟ್ ಎಂಬುದು ಪ್ರವಾಸಿಗರಿಗಾಗಿ 24, 48, 72 ಗಂಟೆಗಳ ಲೆಕ್ಕದಲ್ಲಿ ಸಿಗುತ್ತದೆ, ಪಾಸ್‌ಪೋರ್ಟ್ ತೋರಿಸಿ ಕೊಳ್ಳಬೇಕು. ಗಂಟೆ ಎಣಿಕೆ ಶುರುವಾಗುವುದು ಮೊದಲ ಸಲ ಗೇಟಿಗೆ ಹಾಕಿದಾಗ. ಸಂಜೆ 4ಕ್ಕೆ ಶುರು ಮಾಡಿದ 24 ಗಂಟೆಯದು ಮರುದಿನ 4ರವರೆಗೆ ಬರುತ್ತದೆ, ರೈಲ್ ಪಾಸಿನಂತೆ ನಡುರಾತ್ರಿಗೆ ಸಾಯುವುದಿಲ್ಲ. ಟೋಕಿಯೊ ಮೆಟ್ರೊದ 9, ತೊಯೆಯ 4, ಒಟ್ಟು 13 ಗೆರೆಗಳಲ್ಲಿ ನಡೆಯುತ್ತದೆ. ಊರನ್ನು ಸುತ್ತುವ ಜೆಆರ್ ಯಾಮಾನೊತೆ ಗೆರೆಯಲ್ಲಿ ನಡೆಯದು, ಇಲ್ಲೇ ಬಹುತೇಕರು ಎಡವುವುದು. ಹೋಟೆಲನ್ನು ಸಬ್‌ವೇ ನಿಲ್ದಾಣದ ಪಕ್ಕ ಹಿಡಿದರೆ 72 ಗಂಟೆಯದು ಟೋಕಿಯೊದಲ್ಲಿ ಸಿಗುವ ಅತ್ಯಂತ ಒಳ್ಳೆಯ ವ್ಯವಹಾರ, ಅನುಮಾನವಿಲ್ಲ.

ಊಟ

ಶಾಖಾಹಾರಿಗಳಿಗೆ ನಿಜವಾದ ತೊಡಕು ದಾಶಿ. ಒಣಮೀನು ಹಾಕಿ ಕುದಿಸಿದ ಈ ಸಾರು ಮಿಸೊ ಸೂಪಿನಲ್ಲಿ, ಉದೋನ್‌ನಲ್ಲಿ, ತರಕಾರಿ ಪಲ್ಯದಲ್ಲೂ ಇರುತ್ತದೆ. ಮಾಂಸವಿಲ್ಲ ಎಂದರೂ ಮೀನಿದೆ. ಟೋಕಿಯೊ ನಿಲ್ದಾಣದ ಗೇಟಿನೊಳಗೆ ಟೀಸ್ ತಾಂತಾನ್ ಎಂಬ ಪೂರ್ತಿ ಸಸ್ಯಾಹಾರದ ರಾಮೆನ್ ಅಂಗಡಿ ಇದೆ. ಭಾರತ-ನೇಪಾಳ ಊಟದ ಅಂಗಡಿಗಳು ಎಲ್ಲ ಊರಲ್ಲೂ ಇವೆ, ಮಧ್ಯಾಹ್ನದ ಸೆಟ್ಟು 1,000 ಯೆನ್ ಹತ್ತಿರ.

ಅಗ್ಗದ ದಾರಿ ಮನೆಯಿಂದಲೇ ಹೊರಡಬೇಕು. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡದು, ಉರುಟಾದ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಜೋಡಿಸಿದರೆ ಮುರಿಯದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಮೀನಗಡದ ಕರದಂಟು ಜತೆಗಿರಲಿ. ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ 400 ಗ್ರಾಂ ಸಪ್ಪೆ ಮೊಸರು, ಬೇಯಿಸಿದ ಅನ್ನದ 200 ಗ್ರಾಂ ಪ್ಯಾಕೆಟ್ಟು ಎರಡೂ ತಲಾ 150-200 ಯೆನ್. ಅನ್ನವನ್ನು ಮೈಕ್ರೊವೇವಿನಲ್ಲಿ 2 ನಿಮಿಷ ಇಟ್ಟರೆ ಮೊಸರನ್ನ ಆಯಿತು. ಹಸಿ ಹಣ್ಣು, ತರಕಾರಿ, ಸೊಪ್ಪನ್ನು ಸಸ್ಯ ತಪಾಸಣೆಯ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ, ಮೆಣಸಿನಕಾಯಿ ಕರಿಬೇವು ತುಂಬಿಕೊಳ್ಳಬೇಡಿ. ನಮ್ಮ ಎಲೆಕ್ಟ್ರಿಕ್ ಕುಕ್ಕರೂ ಬೇಡ. ಅಲ್ಲಿ ವಿದ್ಯುತ್ತು 100 ವೋಲ್ಟ್, ಇಲ್ಲಿ 230. ನಮ್ಮ 1,000 ವ್ಯಾಟಿನ ಕುಕ್ಕರ್ ಅಲ್ಲಿ 190 ವ್ಯಾಟಿನಷ್ಟೇ ಕಾಯುತ್ತದೆ, ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಮೊಬೈಲ್ ಚಾರ್ಜರಿಗೆ ತೊಂದರೆಯಿಲ್ಲ, ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಸಾಕು.

ಹೀಗೆ ನಡೆದರೆ ಹಾಸ್ಟೆಲ್ ಹಾಸಿಗೆ 3,500, ಊಟ 1,800, ಊರೊಳಗಿನ ಓಡಾಟ 1,000, ಪ್ರವೇಶ ಶುಲ್ಕ 1,000, ದಿನಕ್ಕೆ 7,300 ಯೆನ್. ನಮ್ಮ ಲೆಕ್ಕದಲ್ಲಿ 4,200 ರೂಪಾಯಿ ಹತ್ತಿರ.

ವೀಸಾ ಅರ್ಜಿ ನಮ್ಮ ಕಡೆಯವರದು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರ ವಿಎಫ್‌ಎಸ್ ಮೂಲಕ. ಈಗ ಇ-ವೀಸಾ ಬರುತ್ತದೆ, ವಿಮಾನ ನಿಲ್ದಾಣದಲ್ಲಿ ಅದನ್ನು ಫೋನಿನಲ್ಲಿ ಇಂಟರ್‌ನೆಟ್ ಹಚ್ಚಿಯೇ ತೋರಿಸಬೇಕು, ಸ್ಕ್ರೀನ್‌ಶಾಟ್, ಪ್ರಿಂಟ್ ಒಪ್ಪುವುದಿಲ್ಲ.

ಮರಳುವಾಗ ಇಕೊಕಾ ಕಾರ್ಡಿನ 500 ಯೆನ್ ಠೇವಣಿ ಬೇಕಿದ್ದರೆ ಒಸಾಕಾ–ಕ್ಯೋಟೊ ಕಡೆಯ ಜೆಆರ್ ಕೌಂಟರಿನಲ್ಲೇ ಕೇಳಬೇಕು, ಟೋಕಿಯೊದಲ್ಲಿ ಕೊಡುವುದಿಲ್ಲ. ಕಾರ್ಡಿನಲ್ಲಿ ಉಳಿದ ರೊಕ್ಕದಿಂದ 220 ಯೆನ್ ಶುಲ್ಕ ಹಿಡಿಯುತ್ತಾರೆ. ಮೊದಲು ಅಂಗಡಿಯಲ್ಲಿ ಏನಾದರೂ ಕೊಂಡು ಅದನ್ನು ಸೊನ್ನೆಗೆ ಇಳಿಸಿದರೆ ಠೇವಣಿ ಪೂರ್ತಿ ಕೈಗೆ ಬರುತ್ತದೆ. ಮತ್ತೆ ಹೋಗುವವರಿದ್ದರೆ ಬೀರುವಿನಲ್ಲಿಡಿ, ಕೊನೆಯ ಬಳಕೆಯಿಂದ 10 ವರ್ಷ ನಡೆಯುತ್ತದೆ.